ಬಾಣಂತಿಯನ್ನು ನಡುಗಿಸಿದ ಹೀಟರ್ ಮಹಾಶಯರಿಗೆ

ಡ್ಯಾಶ್‌ಬೋರ್ಡಿನ ಒಳಮನೆಯಲ್ಲಿ, ಕೆಂಪು ಗೆರೆಯ ತಿರುಪನ್ನು ಬಿರುದಿನಂತೆ ಧರಿಸಿ, ಯಾರ ಗೊಡವೆಯೂ ಇಲ್ಲದೆ ವಿರಾಜಮಾನರಾಗಿರುವ ನನ್ನ ಕಾರಿನ ಹೀಟರ್ ಮಹಾಶಯರ ಸನ್ನಿಧಾನಕ್ಕೆ, ಕಾಮಸಮುದ್ರ ಹೋಬಳಿಯಲ್ಲಿ ನಾಲ್ಕು ಸೀಮೆಹಸು ಕಟ್ಟಿಕೊಂಡು ಬದುಕುತ್ತಿರುವ ಶ್ರೀನಿವಾಸಪ್ಪನು ಎರಡು ಸ್ವೆಟರ್ ಹಾಗೂ ಒಂದು ಮಂಕಿ ಕ್ಯಾಪ್ ಸಮೇತನಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ತಣ್ಣಗಿದ್ದೀರೆಂದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ಕ್ಷೇಮ ವಿಚಾರಿಸುವ ಔಪಚಾರಿಕತೆಯನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ಮಗಳು ವನಿತಾ ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಹೆಣ್ಣುಮಗುವಿಗೆ ಜನ್ಮವಿತ್ತ ಸಂಗತಿ ತಮ್ಮ ಕಿವಿಗೂ ಬಿದ್ದಿರಬಹುದು. ಚೊಚ್ಚಲ ಬಾಣಂತನ ತವರಿನದೆಂದು ನನ್ನ ಹೆಂಡತಿ ಮುನಿಲಕ್ಷ್ಮಿ ಏಳನೇ ತಿಂಗಳಿನಿಂದಲೇ ತುಪ್ಪ, ಬೆಳ್ಳುಳ್ಳಿ, ಒಣಶುಂಠಿ ಕೂಡಿಟ್ಟು ಕಾಯುತ್ತಿದ್ದಳು. ಆದರೆ ಮಗಳ ಅತ್ತೆ ಮಂಗಮ್ಮನವರ ಮನೆ ಆಸ್ಪತ್ರೆಯಿಂದ ಎರಡೇ ಬೀದಿ. ಶನಿವಾರ ಅವರು ಮಂಚದ ಪಕ್ಕ ನಿಂತು, “ಈ ಚಳೀಲಿ ಎಳೇ ಮಗೂನ ಅಷ್ಟು ದೂರ ಕರ್ಕಂಡ್ ಓಗ್ತೀರಾ ಅಣ್ಣಾ? ಬಾಣಂತನ ನಮ್ಮನೇಲೇ ಆಗ್ಲಿ ಬಿಡಿ” ಎಂದುಬಿಟ್ಟರು. ಮುನಿಲಕ್ಷ್ಮಿಯ ಮುಖ ಸಣ್ಣದಾದದ್ದನ್ನು ನೋಡಲಾರದೆ ನಾನು ಎದೆಯುಬ್ಬಿಸಿ, “ನಮ್ಮ ಕಾರಲ್ಲಿ ಹೀಟರ್ ಐತಮ್ಮಾ” ಎಂದೆ. ಮಾನ್ಯರೇ, ತಮ್ಮ ಮೇಲೆ ಅಷ್ಟು ಭರವಸೆ ಇಟ್ಟ ಮನುಷ್ಯ ಈ ಜಿಲ್ಲೆಯಲ್ಲೇ ಮತ್ತೊಬ್ಬನಿರಲಾರ.

ಮಂಗಮ್ಮನವರು ಒಪ್ಪಿದರು, ಆದರೆ ತಾವೂ ಜೊತೆಗೆ ಬರುವುದಾಗಿ ಹೇಳಿ ಒಂದು ಷರತ್ತು ಹಾಕಿದರು: “ದಾರೀಲಿ ಮಗು ಒಂದ್ಸಲ ಸೀನಿದ್ರೂ ಗಾಡಿ ತಿರುಗ್ಸ್ಬೇಕು.” ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಆಸ್ಪತ್ರೆಯವರು ಬಿಡುಗಡೆಯ ಚೀಟಿ ಬರೆದುಕೊಟ್ಟರೂ ನಾಲ್ಕೂವರೆಗೆ ರಾಹುಕಾಲ, ಅದು ಮುಗಿಯುವಷ್ಟರಲ್ಲಿ ಮುಸ್ಸಂಜೆ, ಮುಸ್ಸಂಜೆಯಲ್ಲಿ ಕೂಸನ್ನು ಆಚೆ ತರುವಂತಿಲ್ಲ. ಸೋಮವಾರ ಏಳೂವರೆಯಿಂದ ಮತ್ತೆ ರಾಹುಕಾಲ. ಆದ್ದರಿಂದ ಬೆಳಗಿನ ಆರಕ್ಕೇ ಹೊರಟು ಏಳೂವರೆಯೊಳಗೆ ಹೊಸ್ತಿಲು ದಾಟಬೇಕೆಂದು ಇಬ್ಬರು ಅಜ್ಜಿಯರೂ ಕೂಡಿ ತೀರ್ಮಾನಿಸಿದರು. ಅವರಿಬ್ಬರೂ ಒಮ್ಮತಕ್ಕೆ ಬಂದ ವಿಷಯ ಅದೊಂದೇ.

ಶನಿವಾರ ಸಂಜೆ ಮನೆಗೆ ಬಂದು ತಮ್ಮನ್ನು ಮೊದಲ ಬಾರಿಗೆ ಚಾಲೂ ಮಾಡಿದೆ. ತಿರುಪು ಕೆಂಪಿನ ತುದಿಯಲ್ಲಿತ್ತು, ತಾವು ಮಾತ್ರ ಕೆರೆಯ ಮೇಲಿನ ಗಾಳಿಯನ್ನೇ ಬೀಸಿದಿರಿ. ರೇಡಿಯೇಟರಿಗೆ ನೀರು ತುಂಬಿ ನೋಡಿದೆ. ಅರ್ಧ ಗಂಟೆ ಎಂಜಿನ್ ಓಡಿಸಿದರೂ ಶಾಖ ತೋರಿಸುವ ಮುಳ್ಳು ಬುಡ ಬಿಟ್ಟು ಏಳಲಿಲ್ಲ. ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ ಪೆರುಮಾಳ್ ಅವರಿಗೆ ಫೋನ್ ಮಾಡಿದರೆ, ಪೊಂಗಲ್‌ಗೆಂದು ಅಂಗಡಿಗೆ ಬೀಗ ಹಾಕಿ ಆಂಬೂರಿನ ಮಾವನ ಮನೆಯಲ್ಲಿದ್ದರು. ಕೊನೆಗೆ ತಣ್ಣನೆ ಗಾಳಿ ತಾಗದಿದ್ದರಾದರೂ ಎಂಜಿನ್ ಕಾದೀತೆಂದು ರೇಡಿಯೇಟರಿನ ಮುಂದೆ ಬೂಸಾ ಚೀಲ ಕಟ್ಟಿದೆ. ಮುನಿಲಕ್ಷ್ಮಿ ಕೆಂಡದ ಬಾಣಲೆಯನ್ನೇ ಕಾರಿನೊಳಗಿಡಲು ಹೊರಟಿದ್ದಳು, ಕೈಮುಗಿದು ತಡೆದೆ.

ಸೋಮವಾರದ ತಮ್ಮ ಸೇವೆಯನ್ನು ಹೇಗೆ ಹೊಗಳಲಿ? ಬಂಗಾರಪೇಟೆ ದಾಟಿದೊಡನೆ ಮಂಜು ಕವಿಯಿತು. ಹಿಂದಿನ ಸೀಟಿನ ನಡುವೆ ಕಿವಿಗೆ ಹತ್ತಿ ಇಟ್ಟುಕೊಂಡ ವನಿತಾ, ಮಡಿಲಲ್ಲಿ ಕೂಸು, ಒಂದು ಕಿಟಕಿಗೆ ಮುನಿಲಕ್ಷ್ಮಿ, ಇನ್ನೊಂದಕ್ಕೆ ಮಂಗಮ್ಮನವರು. “ಎಲ್ಲಣ್ಣಾ ನಿಮ್ ಈಟ್ರು?” ಎಂದು ಅವರು ಕೇಳಿದಾಗ, “ಈಗ ಕಾಯ್ತೈತೆ” ಎಂದು ಮೂರು ಸಲ ಸುಳ್ಳು ಹೇಳಿದೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಷರತ್ತಿಗಲ್ಲ, ಆ ಬೆರಳುದ್ದದ ಪಾದಗಳು ತಣ್ಣಗಾದಾವೆಂದು.

ಅಷ್ಟರಲ್ಲಿ ಸೀನು ಬಂತು. ನಾನು ಬ್ರೇಕ್ ಒತ್ತಿದೆ. ಸೀನಿದ್ದು ಮಗುವಲ್ಲ, ಮಂಗಮ್ಮನವರು. ಒಂದಲ್ಲ, ಮೂರು. ಆಮೇಲೆ ಮುನಿಲಕ್ಷ್ಮಿ ತನ್ನ ರಗ್ಗನ್ನು ಬಿಚ್ಚಿ ಮಗಳ ಮೇಲಿಂದ ಹಾಯಿಸಿ, “ಇತ್ಲಾಗ್ ಸರೀರಿ ವದಿನಾ, ಮಗೂಗೂ ಬೆಚ್ಚಗಾಯ್ತದೆ” ಎಂದು ಬೀಗಿತ್ತಿಯನ್ನು ಕರೆದಳು. ಇಬ್ಬರೂ ಎರಡು ಕಡೆಯಿಂದ ಒತ್ತಿಕೊಂಡರು. ಒಂದೇ ರಗ್ಗಿನಡಿ ಮೂವರು ಹೆಂಗಸರ ಮಧ್ಯೆ ನನ್ನ ಮೊಮ್ಮಗಳು ಕಾಮಸಮುದ್ರ ಬರುವವರೆಗೂ ಕಣ್ಣು ಬಿಡಲಿಲ್ಲ. ಹೊಸ್ತಿಲು ದಾಟುವಾಗ ಮುಟ್ಟಿ ನೋಡಿದೆ, ಪಾದಗಳು ಬಿಸಿಬಿಸಿಯಾಗಿದ್ದವು. ಮೆಣಸಿನ ಸಾರಿಗೆ ಬೆಳ್ಳುಳ್ಳಿ ಎಷ್ಟು ಎಸಳೆಂದು ಅಜ್ಜಿಯರು ಆಗಲೇ ವಾದಕ್ಕಿಳಿದಿದ್ದರು. ನಾಲ್ಕು ದಿನವಾದರೂ ಮಂಗಮ್ಮನವರು ಊರಿಗೆ ಹೊರಡುವ ಮಾತೆತ್ತಿಲ್ಲ.

ಆದುದರಿಂದ ಮಾನ್ಯರಲ್ಲಿ ನನ್ನ ಕೋರಿಕೆಗಳು ಇಷ್ಟೇ. ಏಪ್ರಿಲ್‌ನಲ್ಲಿ ಎಸಿ ಗುಂಡಿ ಒತ್ತಿದಾಗ ತಾವು ಧಾರಾಳವಾಗಿ ಕೊಟ್ಟ ಬಿಸಿಗಾಳಿಯನ್ನು ಡಬ್ಬಿಯಲ್ಲಿ ತುಂಬಿಟ್ಟು ಜನವರಿಗೆ ಒದಗಿಸಬೇಕು. ಅದು ಕಷ್ಟವೆನಿಸಿದರೆ ರಾಜೀನಾಮೆ ಕೊಟ್ಟು, ಬೆಳಗಿನ ಜಾವ ತನ್ನ ಉಸಿರಿನಿಂದಲೇ ಇಡೀ ಕೊಟ್ಟಿಗೆಯನ್ನು ಬೆಚ್ಚಗಿಡುವ ನನ್ನ ದೊಡ್ಡ ಹಸುವಿಗೆ ಆ ಹುದ್ದೆಯನ್ನು ಬಿಟ್ಟುಕೊಡಬೇಕು. ಅದಕ್ಕೆ ತಿರುಪು ಬೇಕಿಲ್ಲ, ಹಿಂಡಿ ಸಾಕು.

ಚಳಿಯಲ್ಲೂ ತಮ್ಮನ್ನು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಶ್ರೀನಿವಾಸಪ್ಪ

ತಾ.ಕ.: ನಿನ್ನೆ ಪೆರುಮಾಳ್ ಬಂದು ಬಾನೆಟ್ ಎತ್ತಿ ನಕ್ಕರು. ನೀರು ಕಾಯುವ ತನಕ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವೇ ಎಂಜಿನ್ನಿನಲ್ಲಿಲ್ಲವಂತೆ, ಅದಿಲ್ಲದೆ ಎಂಜಿನ್ನೂ ಕಾಯದು, ತಾವೂ ಕಾಯಲಾರಿರಂತೆ. “ಬೇಸಿಗೇಲಿ ಗಾಡಿ ಕುದೀತೈತೆ, ಅದನ್ನ ಕಿತ್ತಾಕು ಅಂತ ನೀವೇ ತಾನೇ ಸಾರ್ ಅಂದಿದ್ದು?” ಎಂದರು. ಹೌದು, ನಾನೇ. ಹೊಸ ವಾಲ್ವನ್ನು ಕಾಗದದಲ್ಲಿ ಸುತ್ತಿ ಸೀಟಿನ ಕೆಳಗಿಟ್ಟಿದ್ದೇನೆ. ಬರುವ ವಾರ ಮಗುವಿಗೆ ಹೆಸರಿಡುತ್ತೇವೆ, ಆಮೇಲೆ ಮಂಗಮ್ಮನವರನ್ನು ಬಂಗಾರಪೇಟೆಗೆ ಬಿಡಲು ಮುನಿಲಕ್ಷ್ಮಿಯೂ ಜೊತೆಗೆ ಬರುತ್ತಾಳಂತೆ. ಆ ಪ್ರಯಾಣ ಮುಗಿಯುವವರೆಗೆ ಅದನ್ನು ಹಾಕಿಸುವುದಿಲ್ಲ, ಕಾರಿನಲ್ಲಿ ಒಂದೇ ರಗ್ಗು ಇಟ್ಟಿರುತ್ತೇನೆ. ಯಾರು ಕೇಳಿದರೂ ತಪ್ಪು ತಮ್ಮದೆಂದೇ ಹೇಳುತ್ತೇನೆ, ತಮಗೆ ಹೇಗೂ ಬಾಯಿಲ್ಲವಲ್ಲ.