ಕ್ರೋಮ್ ಪಟ್ಟಿಗೆ ಹುಣಸೆಹಣ್ಣು

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಮ್ಮಂಥವರಿಗೆ ಒಂದು ಕಾಯಿಲೆಯಿದೆ. ಬಾಯಲ್ಲಿ ಹೇಳಿದ್ದನ್ನೆಲ್ಲ ಕೈಯಲ್ಲೂ ಮಾಡಬಲ್ಲೆವು ಎಂದು ನಂಬಿಬಿಡುತ್ತೇವೆ. ಕಬ್ಬಿಣಕ್ಕೆ ತುಕ್ಕು ಏಕೆ ಹಿಡಿಯುತ್ತದೆಂದು ರಾಬರ್ಟ್‌ಸನ್‌ಪೇಟೆಯ ಮಕ್ಕಳಿಗೆ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ತೋರಿಸುವ ನಾನು, ಬೂದಿಕೋಟೆಯ ಮಾವನವರ ಹಳೆಯ ಅಂಬಾಸಿಡರನ್ನು ಹೊಸದು ಮಾಡಿ ತೋರಿಸುತ್ತೇನೆಂದು ಬಂಗಾರಪೇಟೆಯ ನಮ್ಮ ಮನೆಗೆ ಎಳೆಸಿಕೊಂಡು ಬಂದದ್ದು ಈ ಕಾಯಿಲೆಯಿಂದಲೇ.

ಮಾವನವರ ಷರತ್ತು ಸರಳವಾಗಿತ್ತು. ಆಯುಧಪೂಜೆಯ ದಿನ ಬಂದು ನೋಡುತ್ತಾರೆ. ಮೆಚ್ಚಿದರೆ ಕಾರು ನನ್ನದು, ಇಲ್ಲದಿದ್ದರೆ ಕಾಮಸಮುದ್ರದ ಷಡ್ಡಕನದು. ಹೆಂಡತಿಯ ತಂಗಿಯ ಗಂಡನಾದ ಈ ಮಹಾಶಯ ಹಾಲಿನ ವ್ಯಾಪಾರದವನು. ಅವನ ಕೈಗೆ ಸಿಕ್ಕರೆ ಹಿಂದಿನ ಸೀಟು ಕಿತ್ತು ಹಾಲಿನ ಕ್ಯಾನು ತುಂಬುತ್ತಾನೆಂದು ನೆನೆದೇ ನನ್ನ ಹೊಟ್ಟೆ ಉರಿಯುತ್ತಿತ್ತು. ಕಾರಿನ ಮೇಲೆ ನನಗೆ ಅಂಥ ಪ್ರೀತಿಯೇನಿರಲಿಲ್ಲ. ಅವನಿಗೆ ಸಿಗಬಾರದು, ಅಷ್ಟೆ.

ಕೆನೆಬಣ್ಣ ಹೊಡೆಸಿದ್ದಾಯಿತು. ಉಳಿದದ್ದು ಬಾಗಿಲುಗಳ ಉದ್ದಕ್ಕೂ ಹೋಗುವ ಕ್ರೋಮ್ ಪಟ್ಟಿ. ಅದನ್ನು ಕೂರಿಸುವ ಕೆಲಸ ಯಾರಿಗೂ ಬಿಡಲಿಲ್ಲ. ಕ್ಲಿಪ್ಪು ಸಿಕ್ಕಿಸಲು ಬಾಗಿಲಲ್ಲಿದ್ದ ಪ್ರತಿ ತೂತಿನ ಅಂಚಿಗೂ ಸಣ್ಣ ಬ್ರಷ್ಷಿನಿಂದ ತುಕ್ಕು ತಡೆಯುವ ಪ್ರೈಮರ್ ಬಳಿದೆ, ರಬ್ಬರ್ ವಾಷರ್ ಇಟ್ಟೆ, ಕ್ಲಿಪ್ಪು ಒತ್ತಿ ಪಟ್ಟಿ ಕೂರಿಸಿದೆ. ಕಾಫಿ ತಂದು ನಿಂತ ಹೆಂಡತಿ ಸರೋಜಳಿಗೆ ತೇವಾಂಶದ ಪಾಠವನ್ನು ಪೂರ್ತಿ ಒಪ್ಪಿಸುವಷ್ಟರಲ್ಲಿ ಕಾಫಿ ಆರಿತು. ಇಷ್ಟಾದರೂ ಪಟ್ಟಿ ಮಂಕಾಗಿಯೇ ಇತ್ತು. ಆಗ ನನ್ನ ಕಣ್ಣು ದೇವರ ಮನೆಯ ದೀಪಗಳ ಮೇಲೆ ಬಿತ್ತು. ಹಬ್ಬದ ಮುಂಚೆ ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಉಜ್ಜಿದರೆ ಅವು ಫಳಫಳ ಎನ್ನುತ್ತವೆ. ಕ್ರೋಮ್ ಯಾಕೆ ಅನ್ನಬಾರದು?

"ಅದು ಇತ್ತಾಳೆ ಕಣ್ರೀ, ಇದು ಕಬ್ಣ," ಅಂದಳು ಸರೋಜ.

"ವಿಜ್ಞಾನ ಓದಿರೋದು ನೀನೋ ನಾನೋ?" ಎಂದು ಅವಳ ಬಾಯಿ ಮುಚ್ಚಿಸಿ, ಕೂರಿಸಿದ್ದ ಪಟ್ಟಿಯನ್ನು ಹಾಗೇ ಉಜ್ಜಿದೆ. ಹೊಳೆಯಿತು. ತೊಳೆಯಲಿಲ್ಲ, ಏಕೆಂದರೆ ನೀರು ತಾಗಿದರೆ ತುಕ್ಕು. ಒಣಬಟ್ಟೆಯಲ್ಲಿ ಒರೆಸಿ, ಟಾರ್ಪಾಲು ಹೊದಿಸಿ, ಹಬ್ಬದವರೆಗೆ ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದೆ.

ಆಯುಧಪೂಜೆಯ ದಿನ ಮಾವನವರೂ ಷಡ್ಡಕನೂ ಬಂದರು. ನಾನು ಭಾಷಣ ಮುಗಿಸಿ ಟಾರ್ಪಾಲು ಎಳೆದೆ. ಪಟ್ಟಿಯ ಹಿಂದೆ ಸೇರಿಕೊಂಡಿದ್ದ ಹುಳಿಯೂ ಉಪ್ಪೂ ಇಷ್ಟು ದಿನ ಸುಮ್ಮನೆ ಕೂತಿರಲಿಲ್ಲ. ಒಂದೊಂದು ಕ್ಲಿಪ್ಪಿನ ಕೆಳಗೂ ಕೆನೆಬಣ್ಣದ ಮೇಲೆ ಕೆಂಪನೆಯ ತುಕ್ಕಿನ ಗೆರೆ ಇಳಿದಿತ್ತು. ಪೂಜೆಯ ತಟ್ಟೆ ಹಿಡಿದಿದ್ದ ಮಾವನವರು ಕಾರಿಗೆ ಒಂದು ಸುತ್ತು ಬಂದು ತಟ್ಟೆಯನ್ನು ಕೆಳಗಿಟ್ಟರು. "ಏನ್ ಅಳಿಯಂದ್ರೆ, ಕುಂಕುಮ ಆಗ್ಲೇ ನೀವೇ ಇಟ್ಬುಟ್ಟಿದ್ದೀರಲ್ಲ," ಅಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಂಜೆಗೆ ಕಾರು ಕಾಮಸಮುದ್ರಕ್ಕೆ ಹೋಯಿತು. ಷಡ್ಡಕ ಪಟ್ಟಿಗಳನ್ನು ಕಿತ್ತೆಸೆದು, ತೂತು ಮುಚ್ಚಿಸಿ, ಮೇಲೊಂದು ಕೋಟು ಬಣ್ಣ ಹೊಡೆಸಿದ. ಹಿಂದೆ ಕ್ಯಾನುಗಳನ್ನೂ ಮುಂದೆ ಮಾವನವರನ್ನೂ ಕೂರಿಸಿಕೊಂಡು ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತಾನೆ. ಹೊರಡುವಾಗ ಕಾರು ಸ್ಟಾರ್ಟ್ ಆಗುವುದಿಲ್ಲ. "ಅಣ್ಣ, ಒಸಿ ತಳ್ಳಣ್ಣ, ಓಗ್ಬತ್ತೀವಿ," ಅನ್ನುತ್ತಾನೆ. ತಳ್ಳುತ್ತೇನೆ. ತಳ್ಳುತ್ತಲೇ ಬಾಗಿಲುಗಳ ಮೇಲೆ ಕಣ್ಣಾಡಿಸುತ್ತೇನೆ. ಎಲ್ಲಿಯೂ ಒಂದು ಚುಕ್ಕೆ ತುಕ್ಕಿಲ್ಲ. ಪ್ರತಿ ವಾರ ಆಸೆಯಿಂದ ಹುಡುಕುತ್ತೇನೆ, ಪ್ರತಿ ವಾರ ಬೇಜಾರಾಗುತ್ತದೆ.