ಕ್ಲಿಯರ್ ಲೇಕಿಗೆ ಹೊರಟ ಹೈಜೀನಿಸ್ಟರಿಗೆ ದಂತವೈದ್ಯನ ದೂರು

ಮಾನ್ಯ ತುಳಸಿಯವರೇ,

ಪರದೇಶದ ಈ ಫ್ಲವರ್ ಮೌಂಡ್ ಊರಿನ ನಮ್ಮ ಪುಟ್ಟ ಡೆಂಟಲ್ ಕ್ಲಿನಿಕ್ಕಿನ ಹೈಜೀನಿಸ್ಟರೂ, ಹಲ್ಲು ಕ್ಲೀನ್ ಮಾಡುವ ನೆಪದಲ್ಲಿ ಊರವರ ಮನಸ್ಸನ್ನೆಲ್ಲ ಗೆದ್ದುಕೊಂಡವರೂ ಆದ ತಮಗೆ, ಅದೇ ಕ್ಲಿನಿಕ್ಕಿನ ಬೋರ್ಡಿನಲ್ಲಿ ಮಾತ್ರ ಯಜಮಾನನಾಗಿರುವ ದಂತವೈದ್ಯನ ಸಾದರ ನಮಸ್ಕಾರಗಳು. ಈ ಪತ್ರವನ್ನು ವೇಟಿಂಗ್ ರೂಮಿನ ಬಾಗಿಲಿಗೆ ಅಂಟಿಸಿರುವುದಕ್ಕೆ ಕ್ಷಮೆಯಿರಲಿ. ಪೇಷೆಂಟುಗಳೂ ಓದಿ ನನ್ನ ಪರವಾಗಿ ನಾಲ್ಕು ಹನಿ ಕಣ್ಣೀರು ಹಾಕಲಿ ಎಂಬ ದುರಾಸೆ.

ತಮ್ಮ ಪತಿಗೆ ಇಲ್ಲಿಂದ ನಾಲ್ಕೈದು ಗಂಟೆ ದಾರಿಯ ಕ್ಲಿಯರ್ ಲೇಕಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ ಸಿಕ್ಕಿ, ತಾವು ಮುಂದಿನ ತಿಂಗಳು ಶಿಫ್ಟ್ ಆಗುತ್ತಿರುವುದು ಸಂತೋಷದ ವಿಷಯವೆಂದು ಬರೆಯಬೇಕು, ಬರೆದಿದ್ದೇನೆ. ಆದರೆ ಮನೆ ನೋಡಲೆಂದು ತಾವು ಮೊನ್ನೆ ರಜೆ ಹಾಕಿದಾಗ ಇಲ್ಲಿ ನಡೆದದ್ದನ್ನು ನೆನೆಯಿರಿ. ಕೆನ್ನೆ ಊದಿಸಿಕೊಂಡು ಬಂದ ಮೈಸೂರು ಕಡೆಯ ಲಲಿತಮ್ಮ ಆಂಟಿಗೆ ನಾನು ಎಕ್ಸ್-ರೇ ತೋರಿಸಿ, ಪ್ಲಾಸ್ಟಿಕ್ ದವಡೆಯ ಮಾದರಿ ಬಿಚ್ಚಿ, ರೂಟ್ ಕೆನಾಲ್ ಏಕೆ ಬೇಕೆಂದು ಗಂಟಲು ಒಣಗುವ ತನಕ ವಿವರಿಸಿದೆ. ಅವರು, "ನೀವು ಹೇಳೋದೆಲ್ಲ ಸರಿ ಡಾಕ್ಟ್ರೇ, ತುಳಸಿ ಒಂದ್ಮಾತು ಹೇಳ್ಲಿ, ಆಮೇಲೆ ಬಾಯಿ ತೆಗೀತೀನಿ" ಎಂದು ತುಟಿ ಬಿಗಿದರು. ವಿಧಿಯಿಲ್ಲದೆ ತಮಗೆ ವಿಡಿಯೋ ಕಾಲ್ ಮಾಡಿದೆ. ತಾವು ಯಾರದೋ ಖಾಲಿ ಅಡುಗೆಮನೆಯಲ್ಲಿ ನಿಂತು, ಅಪ್ಪಟ ಧಾರವಾಡದ ದನಿಯಲ್ಲಿ, "ಆಂಟಿ, ಹಲ್ಲಿನೊಳಗ ಕೀವು ತುಂಬೇತ್ರಿ, ತಗದ್ರ ನಿದ್ದಿ ಬರ್ತದ. ನಮ್ಮ ಡಾಕ್ಟರ್ ಕೈ ಭಾಳ ಹಗುರ್ರಿ" ಎಂದಿರಿ. ಗ್ಯಾರೇಜ್ ಬಾಗಿಲಿನ ಹಾಗೆ ಆಂಟಿಯ ಬಾಯಿ ತೆರೆದುಕೊಂಡಿತು. ನನ್ನ ಕೈ ಹಗುರವೆಂಬುದು ನನಗೂ ಅಂದೇ ತಿಳಿದದ್ದು.

ಆದ್ದರಿಂದ ತಾವು ಹೋಗುವುದೇ ಆದರೆ ನಾಲಿಗೆಯನ್ನು ಇಲ್ಲಿಯೇ ಬಿಟ್ಟು ಹೋಗಬೇಕಾಗಿ ವಿನಂತಿ. ಅದು ಕಷ್ಟವೆನಿಸಿದರೆ, ಆಕಾಶದಲ್ಲಿ ತೇಲುವವರ ಜೊತೆಗೂ ಮಾತುಕತೆಯ ಏರ್ಪಾಡು ಮಾಡುವ ಎಂಜಿನಿಯರಾದ ತಮ್ಮ ಪತಿಯವರು ಪೇಷೆಂಟುಗಳು ಕೂರುವ ನಮ್ಮ ಎರಡನೆಯ ಕುರ್ಚಿಗೂ ಒಂದು ಲೈನ್ ಎಳೆಸಿಕೊಡಲಿ. ಅದೂ ಆಗದಿದ್ದರೆ ಇಡೀ ಕ್ಲಿಯರ್ ಲೇಕನ್ನೇ ಎತ್ತಿ ಫ್ಲವರ್ ಮೌಂಡಿನ ಪಕ್ಕಕ್ಕೆ ತಂದಿಡಿಸಿ, ಪಾರ್ಕಿಂಗ್ ನಾನು ನೋಡಿಕೊಳ್ಳುತ್ತೇನೆ. ತಮಾಷೆಯ ಮಾತು ಬಿಡಿ, ತಾವು ಹೋದರೆ ಈ ಕ್ಲಿನಿಕ್ಕಿನಲ್ಲಿ ಯಾರೂ ನನ್ನನ್ನು ನಂಬುವುದಿಲ್ಲವೆಂದು ನನಗೆ ನಿಜವಾಗಿಯೂ ಭಯವಾಗಿದೆ.

ಮುಚ್ಚಿದ ಬಾಯಿಗಳ ನಡುವೆ ಒಂಟಿಯಾಗಲಿರುವ,
ತಮ್ಮ ವಿಶ್ವಾಸಿ,
ಡಾ. ಬದರಿನಾಥ

ಮರೆತ ಮಾತು: ನಿನ್ನೆಯಿಂದ ನನ್ನದೇ ದವಡೆ ಹಲ್ಲು ನೋಯುತ್ತಿದೆ. ಹತ್ತಿರದ ಊರು ಪ್ಲೇನೋದಲ್ಲಿರುವ ನನ್ನ ಡೆಂಟಿಸ್ಟ್ ಗೆಳೆಯ ಹಲ್ಲು ಕೀಳಲೇಬೇಕು ಎನ್ನುತ್ತಿದ್ದಾನೆ. ದಯವಿಟ್ಟು ತಾವೊಮ್ಮೆ ನೋಡಿ ಹೇಳಿ. ಡೆಂಟಿಸ್ಟರ ಮಾತು ನಂಬಿ ಯಾರಾದರೂ ಬಾಯಿ ತೆರೆಯುತ್ತಾರೆಯೇ?