ಕೆಂಪು ಕಾರಿನ ಕೆಮ್ಮು

ಮೊರಾವಾ ನದಿ ದಂಡೆಯ ಆ ಊರಲ್ಲಿ ಯಾರಾದರೂ ಕಾರಿನ ಬಾನೆಟ್ ಎತ್ತಿದರೆ ಸಾಕು, ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ ಜನ ಮುತ್ತುತ್ತಾರೆ. ಬಾನೆಟ್ ಮುಚ್ಚುವ ಮುಂಚೆ ಎದ್ದು ಹೋಗುವುದು ಸಾವಿನ ಮನೆಯಿಂದ ಅರ್ಧಕ್ಕೇ ಎದ್ದು ಹೋದಷ್ಟು ಅಪಚಾರ.

ಆ ಭಾನುವಾರ ರಾದೊಯ್ಕೊಗೆ ಬಾನೆಟ್ ಎತ್ತದೆ ಗತಿಯಿರಲಿಲ್ಲ. ಮಧ್ಯಾಹ್ನಕ್ಕೆ ಗುಡ್ಡದ ರಸ್ತೆಯಲ್ಲಿ ಕಾರ್ ಓಟ. ಹೋದ ವರ್ಷ ಓಟದ ಕಪ್ಪು ಗೆದ್ದ ಭಾವಮೈದ ವಿತೊಮಿರ್, ನೆಂಟರು ಬಂದಾಗಲೆಲ್ಲ ಆ ಕಪ್ಪಿನಲ್ಲೇ ಉಪ್ಪಿನಕಾಯಿ ಬಡಿಸುತ್ತಿದ್ದ. ಅದನ್ನು ಕಿತ್ತುಕೊಳ್ಳಲೆಂದೇ ರಾದೊಯ್ಕೊ ತನ್ನ ಹಳೇ ಕಾರಿಗೆ ಪೆಟ್ರೋಲ್ ಎಳೆಯುವ ದೊಡ್ಡ ಪಂಪು, ಟರ್ಬೊ ಕೂರಿಸಿ, ಮೂಲೆಮೂಲೆಗೂ ಕೆಂಪು ಬಣ್ಣ ಬಳಿದಿದ್ದ. ಈಗ ನೋಡಿದರೆ ಆಕ್ಸಿಲರೇಟರ್ ಒತ್ತಿದೊಡನೆ ಅದು ಮುದುಕನ ಹಾಗೆ ಕೆಮ್ಮಿ ನಿಲ್ಲುತ್ತಿತ್ತು.

ಮೊದಲು ಬಂದವನು ಅಗ್ನಿಶಾಮಕ ದಳದ ಮಿಲಾದಿನ್, ಕಂಕುಳಲ್ಲಿ ರಾಕಿಯಾ ಸಾರಾಯಿಯ ಸೀಸೆ.

"ಪೆಟ್ರೋಲಿಗೆ ನೀರು ಸೇರಿದೆ ಕಣೋ. ಟ್ಯಾಂಕ್ ಬಸಿ."

ಬಸಿದರು. ಒಂದು ಹನಿ ನೀರಿರಲಿಲ್ಲ. ಮತ್ತೆ ತುಂಬಿದರು.

ಬೇಲಿ ದಾಟಿ ಡಾಕ್ಟರಮ್ಮ ಜಾಗೊರ್ಕಾ ಬಂದಳು. "ಕೆಮ್ಮಿಗೆ ಹೊಟ್ಟೆ ಕೊಯ್ತಾರೇನೋ, ದಡ್ಡ! ಇದು ನರದ ಕಾಯಿಲೆ. ವೈರು ಬಿಚ್ಚು."

ಬಿಚ್ಚಿದರು. ಇಂಜಿನ್ ಮೇಲೆ ಶಾವಿಗೆ ಚೆಲ್ಲಿದ ಹಾಗಾಯಿತು.

"ಹೊತ್ತಾಯ್ತು ಡಾಕ್ಟರಮ್ಮ!" ರಾದೊಯ್ಕೊ ಗೋಗರೆದ.

"ಸುಮ್ನಿರೋ. ರೋಗೀನ ಅರ್ಧಕ್ಕೆ ಬಿಟ್ಟು ಹೋಗೋಳಲ್ಲ ನಾನು."

ವೈರು ಕೂಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಅಳು ಬಂದವನಂತೆ ರಾದೊಯ್ಕೊ ಕೀಲಿ ತಿರುಗಿಸಿದ. ಪಂಪು ಗುಂಯ್ ಎಂದಿತು, ದೀಪ ಮಂಕಾಯಿತು. ಕರೆಂಟಿಗೆ ಎಲ್ಲೋ ತಡೆಯಾಗುತ್ತಿದೆ! ಅರ್ತಿಂಗ್ ವೈರಿನ ಬೆನ್ನು ಹತ್ತಿ ಹೋದರೆ, ಅದರ ಬೋಲ್ಟನ್ನು ತನ್ನದೇ ಕೆಂಪು ಬಣ್ಣದ ಮೇಲೆ ಬಿಗಿದಿದ್ದ; ಬಣ್ಣದಲ್ಲಿ ಕರೆಂಟು ಹರಿಯುವುದೆಲ್ಲಿ! ಹಂದಿಮಾಂಸ ಹೆಚ್ಚುವ ಚಾಕುವಿನಿಂದ ಬಣ್ಣ ಕೆರೆದು ಬಿಗಿದ. ಕಾರು ಹುಲಿಯಂತೆ ಗರ್ಜಿಸಿತು, ಕೋಳಿಗಳು ಮಾಡು ಹತ್ತಿದವು. ಬಾನೆಟ್ ಬಡಿದು, ಒಂದು ಥ್ಯಾಂಕ್ಸನ್ನೂ ಹೇಳದೆ ಹೊರಟ.

ಗುಡ್ಡದ ಬುಡದಲ್ಲಿ ಕಾರುಗಳೆಲ್ಲ ಸಾಲಾಗಿ ನಿಂತಿದ್ದವು. ಒಂದೂ ಓಡಿರಲಿಲ್ಲ.

"ನನಗೋಸ್ಕರ ಕಾದ್ರಾ!" ರಾದೊಯ್ಕೊನ ಕಣ್ಣು ತುಂಬಿತು.

"ನಿನಗ್ಯಾರು ಕಾಯ್ತಾರೆ?" ವಿತೊಮಿರ್ ಆಕಳಿಸಿದ. "ಡಾಕ್ಟರೂ ಅಗ್ನಿಶಾಮಕದವನೂ ಬರದೆ ಓಟ ಬಿಡೋ ಹಾಗಿಲ್ವಂತೆ. ಇಬ್ರೂ ಫೋನ್ ಎತ್ತುತ್ತಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಪೊಲೀಸರು ರಸ್ತೇನ ಬೇರೆ ಗಾಡಿಗಳಿಗೆ ಬಿಡ್ತಾರೆ, ಓಟ ರದ್ದು, ಕಪ್ಪು ನನ್ನ ಹತ್ರಾನೇ."

ರಾದೊಯ್ಕೊ ಕಾರು ತಿರುಗಿಸಿ ಬಾಣದ ಹಾಗೆ ಮನೆಯಂಗಳಕ್ಕೆ ಬಂದ. ಇಬ್ಬರೂ ಪ್ಲಮ್ ಮರದಡಿ ಹಾಡುತ್ತಾ ಕೂತಿದ್ದರು. ಅವನು ಏದುಸಿರು ಬಿಡುತ್ತಾ, ಹತ್ತಿ ಎಂಬಂತೆ ಕಾರಿನತ್ತ ಕೈ ಬೀಸಿದ.

"ಮತ್ತೆ ಕೆಡ್ತಾ? ಬಣ್ಣ ಕೆರೆದ್ರೆ ಆಗುತ್ತೇನೋ ಅದು!" ಮಿಲಾದಿನ್ ಅಂಗಿಯ ತೋಳು ಮಡಿಚಿ ಬಾನೆಟ್ ಎತ್ತಿದ.

ಅಷ್ಟರಲ್ಲಿ ಡಾಕ್ಟರಮ್ಮನ ಕೈಯಲ್ಲಿ ಒಂದು ಹಿಡಿ ವೈರು ಕಿತ್ತು ಬಂದಿತ್ತು.

"ಅಳಬೇಡ ಮಗಾ," ಎಂದಳು. "ನಿನ್ನ ಕಾರು ಸರಿಹೋಗೋ ತನಕ ನಾವು ಎಲ್ಲಿಗೂ ಹೋಗಲ್ಲ."